ಮಾಳಿಗೆಯ ಮೇಲಿನ ಚಿಗರಿ

ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದು ಬಿಸಿಲು ಚುರುಕಾದ ಮೇಲೆ, ಕಾಚಿಗೂಡದ ನಮ್ಮ ಮನೆಯ ಮಾಳಿಗೆಯಲ್ಲಿ ಒಂದು ಚಿಗರಿ ಬಿಸಿಲು ಕಾಯಿಸಿಕೊಳ್ಳುತ್ತದೆ. ಚಿಗರಿ ಎಂದರೆ ಚಿಗರಿಯ ತೊಗಲು. ನಮ್ಮ ಅಜ್ಜ ಬದುಕಿದ್ದಷ್ಟು ಕಾಲ ಎರಡೂ ಹೊತ್ತು ಅದರ ಮೇಲೆ ಕೂತು ಸಂಧ್ಯಾವಂದನೆ ಮಾಡಿದರು. ಅದನ್ನು ಕೊಡವಿ, ಒಣಬಟ್ಟೆಯಿಂದ ಒರೆಸಿ, ಹುಳ ಹಿಡಿಯದಂತೆ ಹಗ್ಗದ ಮೇಲೆ ಹರಡುವ ಕೆಲಸ ಈಗ ನನ್ನದು.

ನಾನು ಹರಡುವುದಕ್ಕೂ ಪಕ್ಕದ ಮಾಳಿಗೆಯಲ್ಲಿ ನೆರೆಯಾಕೆ ಸಂಡಿಗೆ ಇಡುವುದಕ್ಕೂ ಪ್ರತಿ ವರ್ಷ ಸರಿಹೋಗುತ್ತದೆ. ಗದಗಿನ ಕಡೆಯವರು, ಗಂಡನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ. ಒಳ್ಳೆಯ ಹೆಂಗಸು. ಆದರೆ ಪ್ರತಿ ವರ್ಷವೂ ಸಂಡಿಗೆಯ ಕೈಯನ್ನು ಗೋಡೆಗೆ ಆನಿಸಿ, ನಮ್ಮ ಹಗ್ಗವನ್ನು ನೋಡಿ, ಹೊಸದಾಗಿ ಕೇಳುವವರಂತೆ ಕೇಳುತ್ತಾರೆ:

"ನಾಯಿದು ಐತೇನ್ರೀ ಅದು?"

ನನಗೆ ಸಿಟ್ಟು ಬರುತ್ತದೆ, ಆದರೆ ತಡವಾಗಿ ಬರುತ್ತದೆ. ಎದುರಿನವರು ಮೆಟ್ಟಿಲಿಳಿದು ಹೋಗಿ, ತಮ್ಮ ಮನೆಯಲ್ಲಿ ಚಹಾ ಕುಡಿದು, ಕಪ್ಪು ತೊಳೆದಿಟ್ಟ ಮೇಲೆ ನನಗೆ ತಕ್ಕ ಉತ್ತರ ಹೊಳೆಯುತ್ತದೆ. ಆಗ ಅದನ್ನು ಹೇಳಲು ಹಗ್ಗ ಮತ್ತು ತೊಗಲು ಬಿಟ್ಟರೆ ಯಾರೂ ಇರುವುದಿಲ್ಲ. ಈ ಬರಹವನ್ನೂ ಅಂಥದೇ ತಡವಾದ ಉತ್ತರ ಎಂದುಕೊಳ್ಳಿ. ಕೇಳಬೇಕಾದವರು ಓದುವುದಿಲ್ಲ. ನೀವಾದರೂ ಓದುತ್ತಿದ್ದೀರಿ.

ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದಿದೆ. ಕಿರುಪ್ರಬಂಧಕ್ಕೆ ಚಿಗರಿಯನ್ನು ಆರಿಸಿಕೊಂಡೆ. ಪುಸ್ತಕದ ಮಾತಿನಲ್ಲಿ ಕೃಷ್ಣಮೃಗ. ಹುಲ್ಲುಗಾವಲಿನ ಈ ಪ್ರಾಣಿಯನ್ನು ನೋಡಲು ದೂರದ ಬಯಲುಗಳಿಗೆ ಹೋಗಿ ತಿಂಗಳುಗಟ್ಟಲೆ ಇರಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ವಿಜಯವಾಡದ ರಸ್ತೆಯಲ್ಲಿ ನಗರ ಮುಗಿಯುವಲ್ಲಿ ಜಿಂಕೆ ವನ ಇದೆ, ಅಲ್ಲಿ ಬಯಲೂ ಇದೆ, ಚಿಗರಿಗಳೂ ಇವೆ, ಕತ್ತಲಾಗುವ ಮುಂಚೆ ಮನೆಗೂ ಬರಬಹುದು ಎಂದು ಅಪ್ಪ ತೀರ್ಪು ಕೊಟ್ಟರು. ಹಾಗಾಗಿ ಬಯಲಿನ ಓಟಗಾರರ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಸಿಟಿ ಬಸ್ಸಿನಲ್ಲಿ ನಿಂತು ಹೋಗಿ, ಬುತ್ತಿ ಕಟ್ಟಿಕೊಂಡು, ಜಾಲಿಗಿಡದ ಹಿಂದೆ ಕೂತು ಸಂಪಾದಿಸಿದ್ದು.

ಆ ವನಕ್ಕೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಬೋರ್ಡು ಇತ್ತು. ರಾಜ್ಯದ ಪ್ರಾಣಿಯನ್ನು ಕಾಪಾಡಿ ಎಂದು ತೆಲುಗಿನಲ್ಲಿ ಬರೆದು, ಕೆಳಗೆ ಚಿತ್ರ ಬರೆದಿದ್ದರು. ಆಗಿನ್ನೂ ತೆಲುಗು ರಾಜ್ಯ ಎರಡಾಗಿರಲಿಲ್ಲ, ಅದರ ಪ್ರಾಣಿ ಚಿಗರಿಯೇ. ಚಿತ್ರದ ಪ್ರಾಣಿಗೆ ಮರದ ಟೊಂಗೆಯಂತೆ ಕವಲೊಡೆದ ಕೊಂಬುಗಳಿದ್ದವು. ಅಂಥ ಕೊಂಬು ಚುಕ್ಕಿಜಿಂಕೆಯದು. ಅದು ವರ್ಷಕ್ಕೊಮ್ಮೆ ಉದುರಿ ಮತ್ತೆ ಹುಟ್ಟುತ್ತದೆ. ಚಿಗರಿಯ ಕೊಂಬಿಗೆ ಕವಲಿಲ್ಲ. ಹಿಂಡಿದ ಬಟ್ಟೆಯಂತೆ ಸುರುಳಿ ಸುತ್ತಿ ಮೇಲೇರುತ್ತದೆ, ಸಾಯುವವರೆಗೂ ಉದುರುವುದಿಲ್ಲ. ಒಂದು ರಾಜ್ಯ ತನ್ನ ಪ್ರಾಣಿ ಎಂದು ಹೇಳಿಕೊಂಡದ್ದಕ್ಕೆ ಇನ್ನೊಂದು ಪ್ರಾಣಿಯ ತಲೆ ಇಟ್ಟಿದೆಯಲ್ಲ ಎಂದು ನಾನು ಬಸ್ಸಿನ ಕಿಟಕಿಯಲ್ಲಿ ದಿನವೂ ಕುದಿದೆ. ನನ್ನ ಕುದಿತವನ್ನು ನೋಡಿದವರಿಗೆ ಹುಡುಗಿಗೆ ಬಸ್ಸು ಆಗಿಬರುವುದಿಲ್ಲ ಎನಿಸಿರಬೇಕು. ಒಮ್ಮೆ ಒಬ್ಬ ಅಮ್ಮ ತನ್ನ ಚೀಲದಿಂದ ನಿಂಬೆಹಣ್ಣು ತೆಗೆದು ಮೂಸಲು ಕೊಟ್ಟರು.

ಬೋರ್ಡಿಗಾದರೂ ಕ್ಷಮೆ ಇದೆ, ಬಣ್ಣ ಬಳಿಯುವವನಿಗೆ ಯಾರು ಏನು ತೋರಿಸಿದರೋ. ಕ್ಷಮೆ ಇಲ್ಲದ್ದು ಹೊಗಳಿಕೆಗೆ.

ಸೊಲ್ಲಾಪುರದಿಂದ ನನ್ನನ್ನು ನೋಡಲು ಒಂದು ಮನೆಯವರು ಬಂದಿದ್ದರು. ಹುಡುಗನ ಸೋದರತ್ತೆ, ಉಪ್ಪಿಟ್ಟು ಬಾಯಲ್ಲಿದ್ದಂತೆಯೇ, ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ, "ಚಿಗರಿ ಹಂಗ ಅದಾಳ ನೋಡ್ರಿ. ಕಣ್ಣು ಅಷ್ಟ ಅಲ್ಲ, ಅಂಜೂದೂ ಹಂಗ, ಒಂದು ಮಾತಿಲ್ಲ ಕಥಿಲ್ಲ" ಎಂದರು. ಎಲ್ಲರೂ ಮೆಚ್ಚಿ ನಕ್ಕರು. ವಾರ ಕಳೆದ ಮೇಲೆ ಫೋನು ಬಂತು. ಹುಡುಗಿ ಚಲೋ, ಆದರೆ ಭಾಳ ಮಾತಾಡುವುದಿಲ್ಲವಂತೆ, ಅದಕ್ಕೆ ಬೇಡವಂತೆ. ಯಾವ ಗುಣಕ್ಕೆ ನಾನು ಚಿಗರಿಯಾದೆನೋ ಅದೇ ಗುಣಕ್ಕೆ ಬೇಡವಾದೆ. ನನಗಾದ ಅವಮಾನವನ್ನು ಉಪ್ಪಿಟ್ಟಿನ ಪಾತ್ರೆಯ ಜೊತೆ ತೊಳೆದಿಟ್ಟೆ. ಚಿಗರಿಗಾದದ್ದು ಮಾತ್ರ ಇನ್ನೂ ಕಾಡುತ್ತದೆ.

ಯಾಕೆಂದರೆ ಚಿಗರಿಯ ಕಣ್ಣು ಯಾರ ಮೆಚ್ಚುಗೆಗೂ ಬೆಳೆದದ್ದಲ್ಲ. ಬಯಲಿನಲ್ಲಿ ಮರೆ ಇಲ್ಲ. ತೋಳ ಎಲ್ಲಿಂದ ಬರುತ್ತದೋ ಕಾಣಬೇಕೆಂದು ಕಣ್ಣುಗಳು ದೊಡ್ಡವಾಗಿ, ತಲೆಯ ಎರಡೂ ಪಕ್ಕಕ್ಕೆ ಕೂತಿವೆ. ತಲೆ ಬಗ್ಗಿಸಿ ಹುಲ್ಲು ಮೇಯುವಾಗಲೂ ಬೆನ್ನ ಹಿಂದಿನದೆಲ್ಲ ಅದಕ್ಕೆ ಗೊತ್ತು. ಜಾಲಿಗಿಡದ ಹಿಂದೆ ಕೂತು ನಾನು ಎಷ್ಟೋ ಬೆಳಗು ನೋಡಿದೆ. ಹಿಂಡೆಲ್ಲ ಮೇಯುತ್ತಿರುವಾಗ ಒಂದು ತಲೆ ಏಳುತ್ತದೆ. ನಾನು ನೋಡಿದಷ್ಟೂ ಸಲ ಅದು ಹೆಣ್ಣಿನ ತಲೆ, ಕೊಂಬಿಲ್ಲದ್ದು. ಅದು ಕಿವಿ ತಿರುಗಿಸುತ್ತದೆ, ಕಾಲನ್ನು ನೆಲಕ್ಕೆ ಕುಟ್ಟುತ್ತದೆ. ಆಮೇಲೆ ಇದ್ದಕ್ಕಿದ್ದಂತೆ, ನಾಲ್ಕೂ ಕಾಲು ಒಟ್ಟಿಗೆ, ನೇರ ಮೇಲಕ್ಕೆ ನೆಗೆಯುತ್ತದೆ. ಓಡುವುದು ಆಮೇಲಿನ ಮಾತು. ಮೊದಲು ನೆಗೆತ. ಅದರ ಹಿಂದೆ ಇನ್ನೊಂದು, ಮತ್ತೊಂದು, ಹುರಿಯುವ ಬಾಣಲೆಯಲ್ಲಿ ಜೋಳ ಅರಳಿದಂತೆ ಹಿಂಡೆಲ್ಲ ಗಾಳಿಯಲ್ಲಿ. ಅಂಜುಬುರುಕರು ಬಗ್ಗಿ ಸದ್ದಿಲ್ಲದೆ ಓಡುತ್ತಾರೆ. ಎಲ್ಲರಿಗೂ ಕಾಣುವಂತೆ ನೆಗೆಯುವುದು, ನಿನ್ನನ್ನು ನೋಡಿದ್ದೇನೆ ಎಂದು ವೈರಿಗೆ ಬಾಯಿಬಿಟ್ಟು ಹೇಳಿದಂತೆ. ಸೊಲ್ಲಾಪುರದ ಸೋದರತ್ತೆಯ ಮುಂದೆ ನಾನು ನೆಗೆದಿದ್ದರೆ ಆಗ ಚಿಗರಿಯಂಥವಳು ಎನ್ನಬಹುದಿತ್ತು.

ಇನ್ನು ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿ ಉಂಗುರ. ಬಲು ಚೆಂದ, ಅದರಲ್ಲಿ ನನ್ನ ತಕರಾರಿಲ್ಲ. ಅದು ಬಯಲಿನಲ್ಲಿ ಒಂದು ತುಂಡು ನೆಲ ಹಿಡಿಯುತ್ತದೆ. ನಮ್ಮ ಹಿತ್ತಿಲಿನಷ್ಟು ಇದ್ದೀತು. ಅದರ ನಡುವೆ ದಿನವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಕಣ್ಣಿನ ಕೆಳಗಿನ ಗ್ರಂಥಿಯನ್ನು ಹುಲ್ಲುಕಡ್ಡಿಗೆ ತೀಡಿ ವಾಸನೆ ಹಚ್ಚುತ್ತದೆ. ಹೆಣ್ಣುಗಳು ಆ ಕಡೆ ಬಂದರೆ ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಕಿವಿ ಇಳಿಬಿಟ್ಟು, ಬಾಲ ಸುತ್ತಿಕೊಂಡು, ಗೊರ ಗೊರ ಸದ್ದು ಮಾಡುತ್ತ ಠೀವಿಯಿಂದ ನಡೆಯುತ್ತದೆ. ಮೂತಿ ಅಷ್ಟು ಮೇಲಿರುವುದರಿಂದ ಮುಂದೆ ಏನಿದೆ ಎಂದು ಅದಕ್ಕೆ ಕಾಣುತ್ತದೋ ಇಲ್ಲವೋ ನನಗೆ ಅನುಮಾನ. ಹೆಣ್ಣುಗಳು ಇದನ್ನೆಲ್ಲ ನೋಡಿ, ಪಕ್ಕದವನ ತುಂಡನ್ನೂ ನೋಡಿ, ಸಾವಕಾಶವಾಗಿ ಹುಲ್ಲು ಅಗಿಯುತ್ತ, ಮನಸ್ಸಾದರೆ ನಿಲ್ಲುತ್ತವೆ, ಇಲ್ಲದಿದ್ದರೆ ಹೊರಡುತ್ತವೆ. ಹೆಣ್ಣು ನೋಡುವ ಶಾಸ್ತ್ರ ಅವರಲ್ಲಿ ಇಲ್ಲ. ಇರುವುದು ಗಂಡು ನೋಡುವ ಶಾಸ್ತ್ರ.

ಇದನ್ನು ಮೊದಲ ಸಲ ಕಂಡಾಗ ನನಗೆ ಕಾಕಾನ ನೆನಪಾಯಿತು. ಅಪ್ಪನ ತಮ್ಮ. ಬೇಗಂಪೇಟೆಯಲ್ಲಿ ಆಫೀಸು, ಮೆಹದಿಪಟ್ಟಣದಲ್ಲಿ ಸ್ವಂತ ಮನೆ. ಆ ಮನೆಯ ಪಕ್ಕದ ಖಾಲಿ ನಿವೇಶನ ತೆಗೆದುಕೊಂಡ ಮೇಲೆ ಅವರು ದಿನವೂ ಆಫೀಸಿನಿಂದ ಬಂದು, ಸ್ಕೂಟರು ನಿಲ್ಲಿಸಿ, ಅದರ ನಾಲ್ಕು ಮೂಲೆಗೂ ಹೋಗಿ ನಿಂತು ಬರುತ್ತಿದ್ದರು. ಮೂತಿಯೂ ಸುಮಾರು ಅಷ್ಟೇ ಮೇಲಿರುತ್ತಿತ್ತು. ಪ್ರೀತಿಯ ಮನುಷ್ಯ, ನನಗೆ ಬೈನಾಕ್ಯುಲರು ಕೊಡಿಸಿದವರೂ ಅವರೇ. ಆದರೆ ಈ ಕಥೆಯಲ್ಲಿ ಅವರ ಮೇಲೆಯೂ ನನಗೆ ಸಿಟ್ಟಿದೆ.

ಕಾಕಾನ ಮಗನ ಮುಂಜಿ ನಿಶ್ಚಯವಾಯಿತು. ಮುಂಜಿಯಲ್ಲಿ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ, ಎಂದರೆ ಚಿಗರಿ ತೊಗಲಿನ, ಒಂದು ಚೂರು ಕಟ್ಟುತ್ತಾರೆ. ಹಿಂದೆ ಇಡೀ ತೊಗಲನ್ನೇ ಹೊದೆಯುತ್ತಿದ್ದರಂತೆ. ಈಗ ಒಂದು ಬೆರಳಿನ ಅಗಲಕ್ಕೆ ಬಂದು ನಿಂತಿದೆ. ಅಜ್ಜ ಹೋದ ಮೇಲೆ ಮನೆಯಲ್ಲಿ ಆಗುತ್ತಿರುವ ಮೊದಲ ಮಂಗಳಕಾರ್ಯ. ಅಜ್ಜಿ ಒಂದೇ ಒಂದು ಮಾತು ಕೇಳಿದರು. ಆ ಚೂರು ಅಜ್ಜನ ತೊಗಲಿನದಾಗಬೇಕು.

"ಒಂದು ಬೆರಳಗಲ ಸಾಕು. ಮೊಮ್ಮಗನ ಮುಂಜಿ ನೋಡ್ತೀನಿ ಅಂತಿದ್ರು ಅವರು. ಅಷ್ಟರೆ ಅವರದು ಅವನ ಮೈಮ್ಯಾಲ ಇರಲಿ."

ಅಜ್ಜನ ತೊಗಲಿನ ಹಿನ್ನೆಲೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಜ್ಜ ರಾಯಚೂರಿನವರು, ನಿಜಾಮರ ಕಾಲದಲ್ಲಿ ಇಲ್ಲಿಗೆ ನೌಕರಿಗೆ ಬಂದವರು. ರಾಜ್ಯಗಳು ಒಡೆದು ಕೂಡಿದಾಗ ಅವರ ಸ್ನೇಹಿತರು ಕಾಚಿಗೂಡದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕನ್ನಡದ ರಾಜ್ಯಕ್ಕೆ ಹೋದರು, ಅಜ್ಜ ಇಲ್ಲೇ ಉಳಿದರು. ಹೊರಟವರಲ್ಲಿ ಒಬ್ಬರು ರಾಣಿಬೆನ್ನೂರು ಕಡೆಯವರು, ತಮ್ಮ ಮನೆಯಲ್ಲಿದ್ದ ತೊಗಲನ್ನು ನೆನಪಿಗೆಂದು ಕೊಟ್ಟು ಹೋದರು. ಆಗ ಅದನ್ನು ತಪ್ಪು ಎನ್ನುವ ಕಾಯಿದೆ ಇರಲಿಲ್ಲ. ಅಜ್ಜನ ಮಂಡಿಗಳು ಊರಿದಲ್ಲಿ ಕೂದಲು ಸವೆದು ಎರಡು ದುಂಡನೆಯ ಬೋಳುಗಳಾಗಿದ್ದವು. ಹುಡುಗಿಯರು ಮುಟ್ಟಬಾರದೆಂದು ಕಟ್ಟಳೆಯಿತ್ತು, ಹಾಗಾಗಿ ನಾನು ಚಿಕ್ಕಂದಿನಲ್ಲೇ ಮುಟ್ಟಿ ನೋಡಿದ್ದೆ. ಒಂದು ಕಡೆಗೆ ಸವರಿದರೆ ರೇಷ್ಮೆ, ಎದುರು ಸವರಿದರೆ ಕಸಬರಿಗೆ. ಅಜ್ಜ ಹೋದ ಮೇಲೂ ಅಜ್ಜಿ ಅದನ್ನು ದಿನವೂ ಕಿಟಕಿಯ ಕೆಳಗೆ ಅದೇ ಜಾಗದಲ್ಲಿ ಹಾಸಿ, ಮೇಲೊಂದು ತುಳಸಿಯ ಕುಡಿ ಇಟ್ಟು, ಸಂಜೆ ಮಡಿಸಿಡುತ್ತಿದ್ದರು.

ಮುಂಜಿ ಮಾಡಿಸುವ ಆಚಾರ್ಯರು ಬಂದರು. ಅಜ್ಜಿ ತೊಗಲು ತಂದು ಅವರ ಮುಂದೆ ಬಿಡಿಸಿದರು. ಆಚಾರ್ಯರು ಕನ್ನಡಕ ಏರಿಸಿ ನೋಡಿ, ಬೆರಳಿಂದ ಮುಟ್ಟದೆಯೇ ಹೇಳಿದರು: "ಇದು ಕೃಷ್ಣಾಜಿನ ಅಲ್ಲವ್ವಾ. ಕೃಷ್ಣ ಅಂದ್ರ ಕಪ್ಪು. ಇದು ನೋಡ್ರಿ, ಚಹಾದ ಬಣ್ಣ. ಆಡಿನ ತೊಗಲೋ ಏನೋ ಕೊಟ್ಟು ಪಾಪ ರಾಯರಿಗೆ ಟೋಪಿ ಹಾಕ್ಯಾರ."

ಕಾಕಾ ತಲೆ ಆಡಿಸಿದರು. ಅವರಿಗೂ ಮೊದಲಿಂದ ಸಂಶಯವಿತ್ತಂತೆ. ಇಷ್ಟು ವರ್ಷ ಇಲ್ಲದ ಸಂಶಯ ಆಚಾರ್ಯರ ಬಾಯಿಂದ ಬಿದ್ದ ಕೂಡಲೇ ಮೊದಲಿಂದ ಇತ್ತು ಎಂದಾಯಿತು. ಅಜ್ಜಿ ತೊಗಲು ಮಡಿಸಿಕೊಂಡು ಒಳಗೆ ಹೋದರು. ಮರುದಿನ ಕಿಟಕಿಯ ಕೆಳಗೆ ಅದನ್ನು ಹಾಸಲಿಲ್ಲ. ತುಳಸಿಯ ಕುಡಿ ಇರಲಿಲ್ಲ. ಜೀವಮಾನವೆಲ್ಲ ಗಂಡ ಮಾಡಿದ ಜಪ ಒಂದು ಆಡಿನ ಮೇಲೆ ಆಯಿತೇ ಎಂಬ ಪ್ರಶ್ನೆಯನ್ನು ಅವರು ಯಾರನ್ನೂ ಕೇಳಲಿಲ್ಲ. ಆದರೆ ಊಟಕ್ಕೆ ಕೂತಾಗ ಕಿಟಕಿಯ ಕಡೆ ಬೆನ್ನು ಮಾಡಿ ಕೂರತೊಡಗಿದರು.

ನನಗೆ ಸಿಟ್ಟು ಬಂದದ್ದು ಆಗ, ಒಂದು ವಾರ ತಡವಾಗಿ.

ಅಜ್ಜಿ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ತೊಗಲನ್ನು ತೆಗೆದು ನೆಲದ ಮೇಲೆ ಹರಡಿದೆ. ವಿಚಿತ್ರವೆಂದರೆ ಅದೇ ಪ್ರಾಣಿಯ ಬಗ್ಗೆ ಎರಡು ವರ್ಷ ಓದಿದ ನಾನು ಮನೆಯ ತೊಗಲನ್ನು ಒಮ್ಮೆಯೂ ಓದುವ ಕಣ್ಣಿನಿಂದ ನೋಡಿರಲಿಲ್ಲ. ಅದು ಅಜ್ಜನದಾಗಿತ್ತು, ಪ್ರಾಣಿಯದು ಎನಿಸಿರಲಿಲ್ಲ. ಈಗ ನೋಡಿದೆ. ಬೆನ್ನು ಹಳದಿ ಮಿಶ್ರಿತ ಕಂದು. ಹೊಟ್ಟೆಯ ಅಂಚಿಗೆ ಬಂದ ಕೂಡಲೇ, ಸೀರೆಯ ಸೆರಗು ಶುರುವಾದಂತೆ, ಬಿಳುಪು. ಪಕ್ಕೆಯ ಉದ್ದಕ್ಕೂ, ಹೆಗಲಿಂದ ಸೊಂಟದವರೆಗೆ, ಮಾಸಿದ ಒಂದು ತಿಳಿಗೆರೆ. ಕಣ್ಣಿದ್ದ ತೂತುಗಳ ಸುತ್ತ ಬಿಳಿ ಉಂಗುರ. ಇದು ಆಡಲ್ಲ. ಚಿಂಕಾರ ಎಂಬ ಸಣ್ಣ ಹುಲ್ಲೆಯದಿರಬಹುದೇ ಎಂದು ಒಂದು ಗಳಿಗೆ ಅನುಮಾನಿಸಿದೆ. ಅದರ ಮುಖದ ಮೇಲೆ ಕಪ್ಪು ಗೆರೆ ಇಳಿದಿರುತ್ತದೆ, ಇದಕ್ಕೆ ಇರಲಿಲ್ಲ. ಕೊನೆಗೆ ಹಣೆ ನೋಡಿದೆ. ಪೂರ್ತಿ ಬೆಳೆದ ಪ್ರಾಣಿಯ ಹಣೆ, ಆದರೆ ಕೊಂಬು ಹೊರಟ ತೂತುಗಳಿಲ್ಲ. ಅಂಗೈಯಂತೆ ಅಖಂಡವಾಗಿತ್ತು. ಮರುದಿನ ಯೂನಿವರ್ಸಿಟಿಯ ನಮ್ಮ ವಿಭಾಗದಲ್ಲಿದ್ದ ಹಳೆಯ ತೊಗಲಿನ ಮಾದರಿಯ ಜೊತೆ ಮನಸ್ಸಿನಲ್ಲೇ ಹೋಲಿಸಿ ಖಾತ್ರಿ ಮಾಡಿಕೊಂಡೆ.

ಭಾನುವಾರ ಕಾಕಾ ಮತ್ತು ಆಚಾರ್ಯರು ಮುಂಜಿಯ ಸಾಮಾನಿನ ಮಾತಿಗೆ ಬಂದಾಗ ಚಹಾ ತಂದವಳು ತಟ್ಟೆ ಇಟ್ಟು ಹೋಗದೆ ನಿಂತೆ. ನಾನು ನಿಂತದ್ದೇ ಒಂದು ಸುದ್ದಿಯಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದನ್ನು ಒಪ್ಪಿಸಿದೆ. ಇದು ಆಡಿನದಲ್ಲ, ನಾಯಿಯದಲ್ಲ, ಕೃಷ್ಣಮೃಗದ್ದೇ, ಅಜ್ಜನಿಗೆ ಯಾರೂ ಮೋಸ ಮಾಡಿಲ್ಲ.

ಬಾಗಿಲಲ್ಲಿ ಕೂತಿದ್ದ ಅಜ್ಜಿ ತಲೆ ಎತ್ತಿದರು. "ಖರೇನ ತಂಗೀ?"

"ಖರೇನ ಅಜ್ಜಿ. ಚಿಗರೀದ."

ಅವರ ಮುಖ ಆಗ ಹೇಗಾಯಿತೆಂದು ನಾನು ವಿವರಿಸಲಾರೆ. ಅಲ್ಲಿಗೇ ನಿಲ್ಲಿಸಿ ತಟ್ಟೆ ಎತ್ತಿಕೊಂಡು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಆಚಾರ್ಯರು ಕೇಳಿದರು, ಹಾಗಾದರೆ ಕಪ್ಪೇಕೆ ಇಲ್ಲ ಎಂದು. ಓದಿದವಳ ದೌರ್ಬಲ್ಯ, ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತೇನೆ.

"ಯಾಕಂದ್ರ ಇದು ಹೆಣ್ಣು."

ಚಹಾದ ಕಪ್ಪು ಕೆಳಗಿನ ಬಸಿಗೆ ತಾಗಿದ ಸದ್ದು ಕೇಳಿಸಿತು. ಕಾಕಾ ಮೊದಲು ಆಚಾರ್ಯರನ್ನು, ಆಮೇಲೆ ತೊಗಲನ್ನು ನೋಡಿ ನಗಲು ಶುರು ಮಾಡಿದರು. "ಅಂದ್ರ ಅಪ್ಪ ಇಷ್ಟು ವರ್ಷ ಹೆಣ್ಣಿನ ಮ್ಯಾಲ ಕೂತು ಗಾಯತ್ರಿ ಮಾಡಿದ್ನ?" ಆಚಾರ್ಯರು ನಗಲಿಲ್ಲ. ಅವರು ಗಂಭೀರವಾಗಿ ಯೋಚಿಸಿದರು. "ಹೆಣ್ಣಿಂದು ನಡೀತದೋ ಇಲ್ಲೋ, ನಾ ಎಲ್ಲೂ ಕೇಳಿಲ್ಲ. ಕೇಳಿಲ್ಲಂದ ಮ್ಯಾಲ ಬ್ಯಾಡ."

ಗಮನಿಸಿದಿರಾ? ಅದು ಆಡಾಗಿದ್ದಾಗ ಅಜ್ಜ ಪಾಪದವರು, ಮೋಸ ಹೋದವರು. ಹೆಣ್ಣಾದ ಕೂಡಲೇ ನಗೆಪಾಟಲು. ಆಡಿಗಿಂತಲೂ ಒಂದು ಮೆಟ್ಟಿಲು ಕೆಳಗೆ ಇಳಿದದ್ದು ನನ್ನ ಚಿಗರಿ. ಹಿಂಡಿನಲ್ಲಿ ಮೊದಲು ತಲೆ ಎತ್ತುವವಳು, ಮೊದಲು ನೆಗೆಯುವವಳು, ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ನಿಂತು ಕಾಯುವವಳು.

ನಾನು ತಡೆದುಕೊಳ್ಳಲಿಲ್ಲ. ಗಂಡೂ ಹುಟ್ಟುವಾಗ ಇದೇ ಚಹಾದ ಬಣ್ಣದ್ದು ಎಂದೆ. ಬೆಳೆದು ಪ್ರಾಯ ಬಂದ ಮೇಲೆ ಕಪ್ಪಾಗುತ್ತದೆ, ಅದೂ ಮಳೆಗಾಲ ಕಳೆದ ಮೇಲೆ, ಬೇಸಿಗೆಗೆ ಮತ್ತೆ ಮಾಸುತ್ತದೆ, ನಮ್ಮ ದಕ್ಷಿಣದ ಗಂಡುಗಳು ಪೂರ್ತಿ ಕಪ್ಪಾಗುವುದೇ ಕಡಿಮೆ, ಕಡುಕಂದಿಗೇ ನಿಲ್ಲುತ್ತವೆ ಎಂದೆಲ್ಲ ಹೇಳಿದೆ. ನನ್ನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಹೊರಟದ್ದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಯೂನಿವರ್ಸಿಟಿಗೆ ಇದನ್ನ ಕಲೀಲಿಕ್ಕೆ ಹೋಗಿದ್ದೇನು ನೀ?" ಎಂದರು ಕಾಕಾ.

"ಹೂಂ ಕಾಕಾ. ಇದನ್ನ."

ಅದೊಂದು ಉತ್ತರ ಸಕಾಲಕ್ಕೆ ಬಂತು. ಪ್ರಯೋಜನವೇನೂ ಆಗಲಿಲ್ಲ. ಅಜ್ಜಿಯ ಮುಖ ಮತ್ತೆ ಮುಚ್ಚಿತ್ತು. ಹೊಸ ಕೃಷ್ಣಾಜಿನ ತರುವುದೆಂದು ತೀರ್ಮಾನವಾಯಿತು.

ಆ ತೀರ್ಮಾನದಿಂದ ನನಗೆ ಬೇರೆ ಭಯ ಹುಟ್ಟಿತು. ಈಗ ಕಾಯಿದೆ ಇದೆ, ಚಿಗರಿಯನ್ನು ಕೊಲ್ಲುವಂತಿಲ್ಲ, ತೊಗಲು ಮಾರುವಂತಿಲ್ಲ ಎಂದು ಅಪ್ಪನಿಂದ ಹೇಳಿಸಿದೆ. ಅವು ತಾವಾಗೇ ಸತ್ತವಂತೆ ಎಂದು ಕಾಕಾ ಹೇಳಿ ಕಳಿಸಿದರು. ಬೇಕೆಂದವರಿಗೆ ಬೇಕಾದಾಗ ತಾವಾಗೇ ಸಾಯುವ ಇಂಥ ವಿಧೇಯ ಪ್ರಾಣಿ ಬಯಲಿನಲ್ಲಿ ನಾನಂತೂ ಕಾಣಲಿಲ್ಲ. ಪೂಜಾ ಸಾಮಾನಿನ ಯಾವುದೋ ಅಂಗಡಿಯಿಂದ ಅವರು ಪೇಪರಿನಲ್ಲಿ ಸುತ್ತಿದ ಗಂಟು ತಂದ ದಿನ ಅದನ್ನು ಎದುರಿಗಿಟ್ಟುಕೊಂಡು ಕೂತೆ. ಒಂದು ಬೆರಳಿನ ಅಗಲಕ್ಕಾಗಿ ಯಾವ ಹಿಂಡು ಯಾರನ್ನು ಕಳೆದುಕೊಂಡಿತೋ.

ಬಿಚ್ಚಿದೆ. ಕಾಡಿಗೆಯಂಥ ಕಪ್ಪು. ಬೆನ್ನೂ ಕಪ್ಪು, ಹೊಟ್ಟೆಯೂ ಕಪ್ಪು, ಅಂಚೂ ಕಪ್ಪು. ಒರಟು ಕೂದಲು. ಬೂಟ್ ಪಾಲಿಶಿನ ವಾಸನೆ. ಬೆರಳಿನಿಂದ ಉಜ್ಜಿದೆ, ಬೆರಳು ಕಪ್ಪಾಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ಅಂಗಡಿಯವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಡಿಗೆ ಮಾತ್ರ ಏನು ಹೇಳಬೇಕೋ ತಿಳಿಯಲಿಲ್ಲ.

ಹೇಳಬೇಕೇ, ಬೇಡವೇ? ಹೇಳಿದರೆ ಆಚಾರ್ಯರ ಮುಖ ನೋಡುವಂತಾಗುತ್ತಿತ್ತು, ಅಷ್ಟು ಸುಖ ನನಗೂ ಬೇಕಾಗಿತ್ತು. ಆದರೆ ಕಾಕಾನನ್ನು ನಾನು ಬಲ್ಲೆ. ನಕಲಿ ಎಂದು ತಿಳಿದರೆ ಹಟಕ್ಕೆ ಬಿದ್ದು ಅಸಲಿಯನ್ನು ಹುಡುಕಿಸುತ್ತಾರೆ. ಹುಡುಕುವವರಿಗೆ ತಂದುಕೊಡುವವರು ಎಲ್ಲ ಕಾಲಕ್ಕೂ ಇರುತ್ತಾರೆ. ನಾನು ಗಂಟನ್ನು ಮೊದಲಿನಂತೆ ಕಟ್ಟಿದೆ. ಹಿಂದೆ ತಿರುಗಿದರೆ ಅಜ್ಜಿ ನಿಂತಿದ್ದರು, ನನ್ನ ಕಪ್ಪು ಬೆರಳನ್ನೇ ನೋಡುತ್ತ.

"ಏನದ ಅದು?"

"ಆಡು," ಎಂದೆ, ಆದಷ್ಟು ಮೆಲ್ಲಗೆ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಹೆಗಲು ಕುಲುಕುವುದನ್ನು ನೋಡಿ ಅಳುತ್ತಿದ್ದಾರೆಂದು ಗಾಬರಿಯಾದೆ. ನಗುತ್ತಿದ್ದರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಹೇಳಬ್ಯಾಡ. ಹೇಳಿದ್ರ ಎಲ್ಲೋ ಒಂದು ಜೀವ ಹೋಗ್ತದ" ಎಂದರು. ನಾನು ಇಡೀ ಮಧ್ಯಾಹ್ನ ಯೋಚಿಸಿ ಮುಟ್ಟಿದ ಜಾಗಕ್ಕೆ ಅವರು ಒಂದು ಉಸಿರಿನಲ್ಲಿ ಬಂದಿದ್ದರು. ಬಾಗಿಲವರೆಗೆ ಹೋದವರು ತಿರುಗಿ ನೋಡದೆ ಅಂದರು: "ಆದ್ರೂ ಒಂದು ಬೆರಳಗಲ ಅವರದಿದ್ರ ಚಲೋ ಇತ್ತು."

ಮುಂಜಿ ನಮ್ಮ ಮನೆಯಿಂದ ದೂರವಿಲ್ಲದ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ಬೇಸಿಗೆ. ಹೋಮದ ಹೊಗೆ, ಅಡುಗೆಯ ಹೊಗೆ, ತಿರುಗಿದರೂ ಗಾಳಿ ಕೊಡದ ಫ್ಯಾನು. ಕಾಕಾ ರೇಷ್ಮೆ ಶಲ್ಯ ಹೊದ್ದು, ಮೂತಿ ಮೇಲೆತ್ತಿ, ಬಾಗಿಲಿಂದ ಮಂಟಪಕ್ಕೆ ಮಂಟಪದಿಂದ ಬಾಗಿಲಿಗೆ ಓಡಾಡುತ್ತಿದ್ದರು. ವಟುವಿಗೆ ತಲೆ ಬೋಳಿಸಿ, ಸ್ನಾನ ಮಾಡಿಸಿ, ಜನಿವಾರ ಹಾಕಿ, ಅದಕ್ಕೆ ಆ ಕಪ್ಪು ಚೂರು ಕಟ್ಟಿದರು. ಅಜ್ಜಿ ಪಕ್ಕದಲ್ಲಿ ಕುರ್ಚಿಯಲ್ಲಿದ್ದರು, ನಾನು ಅವರ ಹಿಂದೆ. ಉಪದೇಶ ಮುಗಿದು ಹುಡುಗ ಹಿರಿಯರಿಗೆ ನಮಸ್ಕಾರ ಮಾಡುತ್ತ ಬಂದ. ಅಜ್ಜಿಯ ಕಾಲಿಗೆ ಬಗ್ಗಿ ಎದ್ದಾಗ ಅವನ ಉತ್ತರೀಯ ಜಾರಿತು. ಪಕ್ಕೆಯ ಮೇಲೆ, ಚೂರು ತಾಗುವ ಜಾಗದಿಂದ ಸೊಂಟದವರೆಗೆ, ಕಪ್ಪು ನೀರು ಇಳಿದಿತ್ತು. ಬಿಳಿಯ ಪಂಚೆಯ ಅಂಚು ಮಸಿಯಾಗಿತ್ತು.

ಕಾಕು, ಹುಡುಗನ ತಾಯಿ, ಗಾಯವಾಯಿತೆಂದು ಹೆದರಿ ಸೆರಗಿನಿಂದ ಒರೆಸಿದರು. ಸೆರಗೂ ಕಪ್ಪಾಯಿತು. ಆಚಾರ್ಯರು ಹೋಮದ ಹೊಗೆ ಎಂದರು. ಕಾಕಾ ನನ್ನ ಕಡೆ ನೋಡಿದರು. ನಾನು ಸೊಲ್ಲಾಪುರದವರು ಮೆಚ್ಚಿದ ಮುಖವನ್ನೇ ಇಟ್ಟುಕೊಂಡೆ.

ಅಜ್ಜಿ ಹುಡುಗನ ತಲೆ ಸವರಿ, ಕುರ್ಚಿಯಿಂದ ಏಳದೆ, ಮನೆಯವರಷ್ಟಕ್ಕೇ ಕೇಳುವಷ್ಟು ದನಿಯಲ್ಲಿ ಹೇಳಿದರು:

"ಆಚಾರ್ರ, ನಿಮ್ಮ ಗಂಡು ಭಾಳ ಬೆವರ್ಲಿಕ್ಕತ್ತದ ನೋಡ್ರಿ."

ಸಂಜೆ ಎಲ್ಲರೂ ಕಾಚಿಗೂಡದ ಮನೆಗೆ ಬಂದರು. ಹಾಲ್‌ನಲ್ಲಿ ಹೆಂಗಸರು ಕಾಲು ಚಾಚಿದ್ದರು, ಆಚಾರ್ಯರು ದಕ್ಷಿಣೆಯ ಚೀಲ ಪಕ್ಕಕ್ಕಿಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅಜ್ಜಿ ಒಳಗಿಂದ ತೊಗಲನ್ನು ತಂದರು. ಕಿಟಕಿಯ ಕೆಳಗೆ, ಅಷ್ಟು ದಿನ ಖಾಲಿಯಿದ್ದ ಜಾಗದಲ್ಲಿ ಹಾಸಿದರು. ತುಳಸಿ ಇಡುತ್ತಾರೆಂದು ನಾನು ಕಾದೆ. ಇಡಲಿಲ್ಲ. ಗೋಡೆ ಹಿಡಿದು, ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ, ಅದರ ಮೇಲೆ ತಾವೇ ಕೂತರು.

"ಅವ್ವಾ, ಹೆಂಗಸರು ಅದರ ಮ್ಯಾಲ ಕೂಡಬಾರದು," ಎಂದರು ಕಾಕಾ. ಈ ಸಲ ನಗಲಿಲ್ಲ.

"ಗಂಡಿಂದಾಗಿದ್ರ ಕೂಡಬಾರದಿತ್ತೇನೋ. ಇದು ಹೆಣ್ಣಿಂದು, ಮುಂಜಿಗೆ ನಡೆಯೂದಿಲ್ಲ ಅಂತ ನೀವ ತೀರ್ಮಾನ ಮಾಡಿದ್ರೆಲ್ಲ? ನಡೆಯೂದಿಲ್ಲಂದ ಮ್ಯಾಲ ನನಗ ಬಂತು." ಆಮೇಲೆ ಆಚಾರ್ಯರ ಕಡೆ ತಿರುಗಿದರು. "ಹೆಣ್ಣ ಚಿಗರಿ ಮ್ಯಾಲ ಹೆಣ್ಣಮಕ್ಕಳು ಕೂಡಬಾರದು ಅಂತ ನೀವೆಲ್ಲಿಯರೆ ಕೇಳೀರೇನ್ರಿ?"

ಆಚಾರ್ಯರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಪ್ರಾಮಾಣಿಕವಾಗಿ ನೆನಪಿಸಿಕೊಂಡರು. "ಇಲ್ಲವ್ವಾ. ಅದನ್ನೂ ನಾ ಕೇಳಿಲ್ಲ."

"ಕೇಳಿಲ್ಲಂದ ಮ್ಯಾಲ ಸುಮ್ಮನ ಎಲಿ ಹಾಕ್ಕೋರಿ."

ಅವರು ಹಾಕಿಕೊಂಡರು. ಹುಡುಗನ ಪಂಚೆಯ ಮಸಿ ಎದುರಿಗೇ ಇತ್ತು, ಬೇರೆ ದಾರಿಯೂ ಇರಲಿಲ್ಲ. ಅಜ್ಜಿ ಅಲ್ಲಿಯೇ ಕೂತು, ಬುಟ್ಟಿ ಎಳೆದುಕೊಂಡು, ಮರುದಿನಕ್ಕೆ ಮೆಂತ್ಯದ ಸೊಪ್ಪು ಬಿಡಿಸಿದರು. ಅಂದಿನಿಂದ ಅವರ ಜಾಗ ಅದು. ಹೂಬತ್ತಿ ಹೊಸೆಯುವುದು, ಅಕ್ಕಿ ಆರಿಸುವುದು, ಮಧ್ಯಾಹ್ನ ಗೋಡೆಗೊರಗಿ ಅಜ್ಜನ ಜೊತೆ ಎಂಬಂತೆ ಏನೋ ಸಣ್ಣಗೆ ಮಾತಾಡಿಕೊಳ್ಳುವುದು, ಎಲ್ಲ ಅದರ ಮೇಲೆಯೇ. ಒಂದು ಬೆರಳಗಲ ಕೇಳಿದ್ದವರಿಗೆ ಇಡೀ ತೊಗಲು ಸಿಕ್ಕಿತು. ಅದು ಸಿಕ್ಕಿದ ರೀತಿಗೆ ನನಗೆ ಇನ್ನೂ ಸಿಟ್ಟಿದೆ. ಅಜ್ಜಿಗೆ ಇದ್ದಂತಿಲ್ಲ.

ಈ ವರ್ಷವೂ ಹಗ್ಗದ ಮೇಲೆ ಹರಡಿದೆ. ಪಕ್ಕದ ಮಾಳಿಗೆಯ ಸಂಡಿಗೆಯ ಕೈ ಗೋಡೆಗೆ ಬಂತು. ನಾಯಿಯದೇ ಎಂದು ಕೇಳಿತು. ಈ ಸಲ ನಾನು ಮೆಟ್ಟಿಲು, ಚಹಾ ಯಾವುದನ್ನೂ ಕಾಯಲಿಲ್ಲ.

"ಅಲ್ಲರೀ. ಚಿಗರೀದು. ಹೆಣ್ಣ ಚಿಗರೀದು."

"ಹೌದೇನ್ರೀ," ಎಂದು ಅವರು ಮತ್ತೆ ಸಂಡಿಗೆಗೆ ಬಗ್ಗಿದರು. ಮುಂದಿನ ವರ್ಷ ಮತ್ತೆ ಕೇಳುತ್ತಾರೆ, ಅದರಲ್ಲಿ ಸಂಶಯವಿಲ್ಲ.

ಕೆಳಗಿನಿಂದ ಅಜ್ಜಿ ಕೂಗಿದರು. ಸಾಕಂತೆ, ತರಬೇಕಂತೆ, ಕೂಡುವ ಹೊತ್ತಾಯಿತಂತೆ. ಹಗ್ಗದಿಂದ ತೆಗೆದೆ. ಬಿಸಿಲಿಗೆ ಕಾದು ತೊಗಲು ಈಗಷ್ಟೇ ಓಡಿ ಬಂದು ನಿಂತ ಪ್ರಾಣಿಯ ಮೈಯಂತೆ ಬಿಸಿಯಾಗಿತ್ತು. ಮಡಿಸುವಾಗ ನೋಡಿದೆ. ಅಜ್ಜನ ಮಂಡಿಗಳು ಸವೆಸಿದ ಎರಡು ಬೋಳುಗಳ ಪಕ್ಕದಲ್ಲಿ, ಸ್ವಲ್ಪ ಓರೆಯಾಗಿ, ಒಂದು ಕಾಲು ಮಡಿಸಿ ಕೂರುವವರ ಲೆಕ್ಕಕ್ಕೆ ಸರಿಯಾಗಿ, ಇನ್ನೊಂದು ಸಣ್ಣದು ಶುರುವಾಗಿದೆ.